ನಮ್ಮ ಮನೆಯ ಎರಡು ಇಟಿಯೋಸ್

ಬಂಕಿನ ಹುಡುಗ ನಾಜಲ್ ತಂದು ಟ್ಯಾಂಕಿಗೆ ಇಡುವಾಗ ಅಪ್ಪ ಕನ್ನಡಕ ಒರೆಸಿಕೊಳ್ಳುತ್ತಿದ್ದರು. ನಾನು ಹಿಂದಿನ ಟೈರಿನ ಗಾಳಿ ನೋಡುತ್ತಿದ್ದೆ. ಅವನು ಕೇಳಲಿಲ್ಲ, ನಾವು ಹೇಳಲಿಲ್ಲ. ಬಿಳಿ ಟೊಯೊಟಾ ಇಟಿಯೋಸ್ ಕಾರು ಅಂದರೆ ಡೀಸೆಲ್ ಗಾಡಿ ಎಂಬುದು ಅವನ ಕಣ್ಣಿಗೆ ಅಭ್ಯಾಸವಾಗಿಹೋಗಿತ್ತು. ಹೆದ್ದಾರಿ ಬದಿಯ ಆ ಬಂಕಿಗೆ ಬಂದು ನಿಲ್ಲುತ್ತಿದ್ದ ಇಟಿಯೋಸ್‌ಗಳು ಹೆಚ್ಚುಕಡಿಮೆ ಎಲ್ಲವೂ ಹಳದಿ ಬೋರ್ಡಿನವು. ಹನ್ನೆರಡು ಲೀಟರ್ ಡೀಸೆಲ್ ಒಳಗೆ ಹೋಯಿತು. ದುಡ್ಡು ಕೊಟ್ಟು ಹೊರಟೆವು. ಪೈಪಿನಲ್ಲಿ ಉಳಿದಿದ್ದ ಪೆಟ್ರೋಲ್ ಇರುವಷ್ಟು ದೂರ ಗಾಡಿ ಏನೂ ಆಗದ ಹಾಗೆ ಓಡಿತು. ಮುಂದಿನ ಊರಿನ ಕೆರೆ ಏರಿ ಹತ್ತುವಾಗ ಎರಡು ಸಲ ಮುಗ್ಗರಿಸಿತು, ಹಿಂದೆ ಬಿಳಿ ಹೊಗೆ ದಟ್ಟವಾಗಿ ಎದ್ದಿತು, ಆಮೇಲೆ ನಿಂತೇಬಿಟ್ಟಿತು.

ಬೆಂಗಳೂರಿನಲ್ಲಿ ಟ್ಯಾಕ್ಸಿ ಓಡಿಸುವ ಮಾವನಿಗೆ ಫೋನ್ ಮಾಡಿದೆ. ಬಿಲ್ಲಿನಲ್ಲಿ ಏನು ಬರೆದಿದೆ ನೋಡು ಅಂದರು. ನೋಡಿದೆ. "ಇನ್ನು ಸೆಲ್ಫ್ ಹೊಡೀಬೇಡ. ಕೀ ತೆಗೆದು ಭಾವನ ಕೈಗೆ ಕೊಟ್ಬಿಡು. ಟ್ಯಾಂಕ್ ಇಳಿಸಿ, ಲೈನೆಲ್ಲ ತೊಳೆದು, ಪ್ಲಗ್ ಬದಲಾಯಿಸಿದ್ರೆ ಸರಿಹೋಗ್ತದೆ. ನಿಮ್ದು ಪೆಟ್ರೋಲ್ ಆಗಿರೋದಕ್ಕೆ ಉಳೀತು ಕಣೋ. ನನ್ನ ಗಾಡಿಗೆ ಯಾರಾದ್ರೂ ಪೆಟ್ರೋಲ್ ಹಾಕಿದ್ದಿದ್ರೆ ಪಂಪೇ ಹೋಗ್ತಿತ್ತು."

ಮಾವ ಹೇಳಿದ್ದು ಅಕ್ಷರಶಃ ನಿಜ. ಡೀಸೆಲ್ ಎಂಜಿನ್ನಿನ ಹೈ ಪ್ರೆಶರ್ ಪಂಪಿಗೆ ಡೀಸೆಲ್ ಬರೀ ಇಂಧನವಲ್ಲ, ಎಣ್ಣೆಯ ಕೆಲಸವನ್ನೂ ಅದೇ ಮಾಡುತ್ತದೆ. ಆ ಜಿಡ್ಡು ಇಲ್ಲದೆ ಲೋಹಕ್ಕೆ ಲೋಹ ಉಜ್ಜಿ, ಉದುರಿದ ಪುಡಿ ಇಂಜೆಕ್ಟರ್‌ವರೆಗೂ ಹೋಗುತ್ತದೆ. ಪೆಟ್ರೋಲ್ ಎಂಜಿನ್ನಿಗೆ ಡೀಸೆಲ್ ಹೋದರೆ ಅದು ಕಿಡಿಗೆ ಸರಿಯಾಗಿ ಹೊತ್ತಿಕೊಳ್ಳುವುದಿಲ್ಲ, ಹೊಗೆಯಾಡುತ್ತದೆ, ಎಂಜಿನ್ ನಿಲ್ಲುತ್ತದೆ, ಅಷ್ಟೆ. ಅಪ್ಪನ ಗಾಡಿ ಮೂರನೇ ದಿನ ಮನೆಗೆ ಬಂತು. ಅಂದು ಸಂಜೆ ಅಪ್ಪ ಟ್ಯಾಂಕಿನ ಮುಚ್ಚಳದ ಒಳಬದಿಗೆ ಬಿಳಿ ಕಾಗದ ಅಂಟಿಸಿ, ಶಾಲೆಯ ಬೋರ್ಡಿನ ಮೇಲೆ ಬರೆಯುತ್ತಿದ್ದ ಅದೇ ಗುಂಡು ಅಕ್ಷರದಲ್ಲಿ "ಪೆಟ್ರೋಲ್" ಎಂದು ಬರೆದರು. ಕಾಗದ ಹಳದಿಯಾಗಿದೆ, ಈಗಲೂ ಅಲ್ಲೇ ಇದೆ.

ಹೊರಗಿನಿಂದ ಒಂದೇ ಥರ ಕಾಣುವ ಈ ಎರಡು ಗಾಡಿಗಳ ಬಗ್ಗೆ ಬರೆಯಬೇಕು ಎಂದು ಬಹಳ ದಿನದಿಂದ ಅನ್ನಿಸುತ್ತಿತ್ತು. ಟೊಯೊಟಾ ಇಟಿಯೋಸ್ ಬಗ್ಗೆ ಯಾರೂ ಪ್ರೀತಿಯಿಂದ ಬರೆದದ್ದನ್ನು ನಾನು ಹೆಚ್ಚಾಗಿ ಓದಿಲ್ಲ. ಬರೆದವರೆಲ್ಲ ನೋಡೋಕೆ ಸಪ್ಪೆ, ಒಳಗಿನ ಪ್ಲಾಸ್ಟಿಕ್ ಅಗ್ಗ, ಟ್ಯಾಕ್ಸಿ ಗಾಡಿ ಅಂದರು. ಮೊದಲ ಎರಡನ್ನು ಒಪ್ಪುತ್ತೇನೆ. ಮೂರನೆಯದನ್ನು ಬೈಗುಳ ಎಂದು ಒಪ್ಪುವುದಿಲ್ಲ. ದಿನಕ್ಕೆ ಇನ್ನೂರು ಕಿಲೋಮೀಟರ್ ಓಡಿಸಿ ಅದರಿಂದಲೇ ಮನೆ ನಡೆಸುವವನು ಆರಿಸಿಕೊಂಡ ಗಾಡಿ ಅಂದರೆ ಅದಕ್ಕಿಂತ ದೊಡ್ಡ ಸರ್ಟಿಫಿಕೇಟ್ ಯಾವುದಿದೆ?

ಇದು ನಮ್ಮದೇ ಮಣ್ಣಿನ ಕಾರು ಎಂಬ ಅಭಿಮಾನವೂ ನನಗಿದೆ. ಟೊಯೊಟಾ ಕಿರ್ಲೋಸ್ಕರ್ ಸಂಸ್ಥೆ ಹುಟ್ಟಿದ್ದು 1997ರಲ್ಲಿ. ಬಿಡದಿಯ ಕಾರ್ಖಾನೆಯಿಂದ ಮೊದಲು ಹೊರಬಂದದ್ದು ಕ್ವಾಲಿಸ್, ಆಮೇಲೆ ಇನ್ನೋವಾ. ಎರಡೂ ದೊಡ್ಡ ಗಾಡಿಗಳು. ಸಾಮಾನ್ಯ ಸಂಸಾರಕ್ಕೆ ಎಟಕುವ ಸಣ್ಣ ಸೆಡಾನ್ ಒಂದನ್ನು ಭಾರತಕ್ಕೆಂದೇ ಹೊಸದಾಗಿ ಮಾಡಬೇಕು ಎಂದು ಯೋಶಿನೋರಿ ನೊರಿತಾಕೆ ಎಂಬ ಮುಖ್ಯ ಎಂಜಿನಿಯರ್ ಕೈಗೆ ಕೆಲಸ ಒಪ್ಪಿಸಿದರು. ಬಿಡದಿಯಲ್ಲೇ ಎರಡನೇ ಕಾರ್ಖಾನೆ ಎದ್ದಿತು. 2010ರ ಡಿಸೆಂಬರ್‌ನಲ್ಲಿ ಇಟಿಯೋಸ್ ಬಂತು, ಆರಂಭದ ಬೆಲೆ 4.96 ಲಕ್ಷ. ಮೈಸೂರಿನ ದಾರಿಯಲ್ಲಿ ತಟ್ಟೆ ಇಡ್ಲಿಗೆ ನಿಲ್ಲುವ ಊರಿನಿಂದ ಹೊರಟ ಈ ಕಾರು ಮುಂದೆ ಹಡಗು ಹತ್ತಿ ದಕ್ಷಿಣ ಆಫ್ರಿಕಾಕ್ಕೂ ಹೋಯಿತು.

ಮೊದಲು ಬಂದದ್ದು ಪೆಟ್ರೋಲ್ ಮಾತ್ರ. 1496 ಸಿಸಿ, ನಾಲ್ಕು ಸಿಲಿಂಡರ್, ಹದಿನಾರು ವಾಲ್ವ್, 90 ಪಿಎಸ್ ಶಕ್ತಿ, 132 ನ್ಯೂಟನ್ ಮೀಟರ್ ಟಾರ್ಕ್, ಅಂದರೆ ಎಳೆಯುವ ಬಲ. ಡೀಸೆಲ್ ಬಂದದ್ದು 2011ರಲ್ಲಿ. 1364 ಸಿಸಿ, ಹೊಗೆಯ ರಭಸಕ್ಕೆ ತಿರುಗಿ ಎಂಜಿನ್ನಿಗೆ ಹೆಚ್ಚು ಗಾಳಿ ತುಂಬುವ ಟರ್ಬೋ ಇದ್ದೂ ಶಕ್ತಿ ಬರೀ 68 ಪಿಎಸ್. ಟಾರ್ಕ್ ಮಾತ್ರ 170, ಅದೂ ಎಂಜಿನ್ ನಿಮಿಷಕ್ಕೆ ಸುತ್ತುವ ಲೆಕ್ಕದಲ್ಲಿ 1800ರಿಂದ 2400 ಆರ್‌ಪಿಎಂ ಒಳಗೇ ಪೂರ್ತಿ ಸಿಗುವಂಥದ್ದು. ಎರಡಕ್ಕೂ ಐದು ಗೇರಿನ ಮ್ಯಾನುಯಲ್. ಆಟೋಮ್ಯಾಟಿಕ್ ಇಲ್ಲಿ ಬರಲೇ ಇಲ್ಲ.

ಅಪ್ಪ ಪ್ರೌಢಶಾಲೆಯ ಗಣಿತ ಮೇಷ್ಟ್ರಾಗಿ ರಿಟೈರಾದರು. 2012ರಲ್ಲಿ ಗಾಡಿ ತೆಗೆದುಕೊಳ್ಳುವ ಮಾತು ಬಂದಾಗ ಎಲ್ಲರೂ ಡೀಸೆಲ್ ಡೀಸೆಲ್ ಅನ್ನುತ್ತಿದ್ದ ಕಾಲ. 2010ರ ಜೂನ್‌ನಲ್ಲಿ ಸರ್ಕಾರ ಪೆಟ್ರೋಲ್ ದರದ ಮೇಲಿನ ಹಿಡಿತ ಬಿಟ್ಟಿತ್ತು, ಡೀಸೆಲ್ ದರವನ್ನು ಬಿಟ್ಟಿರಲಿಲ್ಲ. ಒಂದು ಏರುತ್ತಲೇ ಹೋಯಿತು, ಇನ್ನೊಂದು ಸಬ್ಸಿಡಿಯ ನೆರಳಲ್ಲಿ ಉಳಿಯಿತು. ಹೊಸ ಗಾಡಿ ಕೊಳ್ಳುವವರೆಲ್ಲ ಆ ಅಂತರ ನೋಡಿ ಡೀಸೆಲ್ ಕಡೆ ಓಡಿದರು. ಮಾವ ಆಗಲೇ ಡೀಸೆಲ್ ಇಟಿಯೋಸ್ ಬುಕ್ ಮಾಡಿದ್ದರು. "ಭಾವ, ನೀವೂ ಅದನ್ನೇ ತಗೊಳ್ಳಿ, ಇಬ್ಬರಿಗೂ ಒಂದೇ ಗಾಡಿ ಆದ್ರೆ ಸಾಮಾನಿಗೂ ಅನುಕೂಲ" ಅಂದರು.

ಅಪ್ಪ ಉತ್ತರ ಕೊಡಲಿಲ್ಲ. ಗೋಡೆಯ ಮೇಲಿದ್ದ ಕ್ಯಾಲೆಂಡರಿನ ಮುಗಿದ ತಿಂಗಳ ಹಾಳೆ ಹರಿದುಕೊಂಡು ಅದರ ಬೆನ್ನಿಗೆ ಲೆಕ್ಕ ಹಾಕಿದರು. ಪೆಟ್ರೋಲ್ ಲೀಟರಿಗೆ 75 ರೂಪಾಯಿ, ಲೀಟರಿಗೆ ಹದಿನೈದು ಕಿಲೋಮೀಟರ್; ಕಿಲೋಮೀಟರಿಗೆ 5 ರೂಪಾಯಿ. ಡೀಸೆಲ್ 48 ರೂಪಾಯಿ, ಲೀಟರಿಗೆ ಇಪ್ಪತ್ತು; ಕಿಲೋಮೀಟರಿಗೆ 2 ರೂಪಾಯಿ 40 ಪೈಸೆ. ಉಳಿತಾಯ 2 ರೂಪಾಯಿ 60 ಪೈಸೆ. ಡೀಸೆಲ್ ಗಾಡಿಗೆ ಸುಮಾರು ಒಂದು ಲಕ್ಷ ಹೆಚ್ಚು ಕೊಡಬೇಕು. ಆ ಲಕ್ಷ ವಾಪಸ್ ಬರಬೇಕಾದರೆ 38,461 ಕಿಲೋಮೀಟರ್ ಓಡಬೇಕು. "ನಾನು ವರ್ಷಕ್ಕೆ ಆರು ಸಾವಿರ ಓಡಿಸಿದರೆ ಹೆಚ್ಚು" ಅಂದರು ಅಪ್ಪ, "ಆರೂವರೆ ವರ್ಷ ಬೇಕು. ನೀನು ತಿಂಗಳಿಗೆ ಐದು ಸಾವಿರ ಓಡಿಸ್ತೀಯ, ನಿನಗೆ ಎಂಟು ತಿಂಗಳು ಸಾಕು. ಇದೇ ಗಾಡಿ ನಿನಗೆ ಡೀಸೆಲ್ಲೇ ಸರಿ, ನನಗೆ ಪೆಟ್ರೋಲೇ ಸರಿ." ಊರೆಲ್ಲ ಒಂದು ಕಡೆ ಓಡುವಾಗ ತನ್ನ ಓಡಾಟ ಎಷ್ಟು ಎಂದು ಅಳೆದುಕೊಂಡು ಕೂತ ಅಪ್ಪನ ಆ ಚಿತ್ರ ನನ್ನ ಕಣ್ಣಿನಿಂದ ಮಾಸಿಲ್ಲ. ಆ ಹಾಳೆಯಲ್ಲಿ ಎರಡು ವರ್ಷದ ನಂತರದ ಸಂಗತಿ ಇರಲಿಲ್ಲ. 2014ರ ಅಕ್ಟೋಬರ್‌ನಲ್ಲಿ ಡೀಸೆಲ್ ದರದ ಹಿಡಿತವನ್ನೂ ಸರ್ಕಾರ ಬಿಟ್ಟಿತು. ಅಂತರ ಕರಗುತ್ತಾ ಬಂತು.

ನನಗೆ ಎಲ್ಲಕ್ಕಿಂತ ಹೆಚ್ಚು ಬೆರಗು ಹುಟ್ಟಿಸಿದ್ದು ಡೀಸೆಲ್ ಎಂಜಿನ್. ಇದು ಇಟಿಯೋಸ್‌ಗಾಗಿ ಹುಟ್ಟಿದ್ದಲ್ಲ. ಯುರೋಪಿನಲ್ಲಿ ಮಾರಿದ ಟೊಯೊಟಾ ಯಾರಿಸ್‌ನಲ್ಲಿ ಓಡಿದ್ದು ಇದೇ ಎಂಜಿನ್. ಬಿಎಂಡಬ್ಲ್ಯು ತನ್ನ ಮಿನಿ ಕಾರಿಗೆ ಮೊದಲ ಸಲ ಡೀಸೆಲ್ ಬೇಕೆಂದಾಗ ಟೊಯೊಟಾದಿಂದ ಕೊಂಡದ್ದೂ ಇದನ್ನೇ. ನಮ್ಮ ದೇಶದಲ್ಲಿ ಮಾರಿದ ಕೊರೋಲಾ ಆಲ್ಟಿಸ್ ಡೀಸೆಲ್‌ನಲ್ಲಿ ಇದೇ 1364 ಸಿಸಿ ಎಂಜಿನ್ 88 ಪಿಎಸ್ ಶಕ್ತಿ, 205 ನ್ಯೂಟನ್ ಮೀಟರ್ ಟಾರ್ಕ್ ಕೊಡುತ್ತಿತ್ತು. ಅಂದರೆ ಇನ್ನೂ 20 ಪಿಎಸ್ ತೆಗೆಯುವ ತಾಕತ್ತು ಅದರಲ್ಲಿತ್ತು. ಇಟಿಯೋಸ್‌ಗೆ ತರುವಾಗ ಅದನ್ನು ಬೇಕೆಂದೇ ತಗ್ಗಿಸಿದರು. ಆಲ್ಟಿಸ್‌ನ ಟರ್ಬೋದೊಳಗೆ ಬೇಕಾದ ಹಾಗೆ ತಿರುಗುವ ಸಣ್ಣ ಸಣ್ಣ ರೆಕ್ಕೆಗಳಿವೆ, ಅವು ಹೊಗೆಯ ರಭಸವನ್ನು ಹಿಡಿದು ಹದಮಾಡುತ್ತವೆ. ಇಟಿಯೋಸ್‌ಗೆ ಆ ರೆಕ್ಕೆಗಳಿಲ್ಲದ ಸರಳ ಟರ್ಬೋ ಹಾಕಿದರು.

ಖರ್ಚು ಉಳಿಸಲು ಹೀಗೆ ಮಾಡಿದರು ಎಂದು ಆಗ ಎಲ್ಲರೂ ಹೇಳಿದರು. ಅದೂ ನಿಜವಿರಬಹುದು. ಮಾವನ ಪಕ್ಕ ಕೂತು ನಾಲ್ಕಾರು ಸಾವಿರ ಕಿಲೋಮೀಟರ್ ಓಡಾಡಿದ ಮೇಲೆ ನನಗೆ ಬೇರೆಯದೇ ಕಾಣಿಸಿತು. ತಿರುಗುವ ರೆಕ್ಕೆ ಇಲ್ಲದಿದ್ದರೆ ಮಸಿ ಹಿಡಿದು ಸಿಕ್ಕಿಕೊಳ್ಳುವ ಭಯವೂ ಇಲ್ಲ. ಕಡಿಮೆ ಶಕ್ತಿ ತೆಗೆದರೆ ಒಳಗಿನ ಬಿಸಿ ಕಡಿಮೆ, ಕ್ಲಚ್ಚಿನ ಮೇಲೆ, ಗೇರ್ ಬಾಕ್ಸಿನ ಮೇಲೆ ಭಾರ ಕಡಿಮೆ. ಹೆಬ್ಬಾಳದ ಫ್ಲೈಓವರ್ ಮೇಲೆ ಇರುವೆ ಸಾಲಿನ ಹಾಗೆ ಹೋಗುವ ಟ್ರಾಫಿಕ್‌ನಲ್ಲಿ ಗಾಡಿ ಇರುವುದೇ ಎರಡು ಸಾವಿರ ಆರ್‌ಪಿಎಂ ಆಸುಪಾಸಿನಲ್ಲಿ. ಅಲ್ಲಿ ಬೇಕಾದ ಎಳೆತವೆಲ್ಲ ಇದೆ. ಮೂರೂವರೆ ಸಾವಿರದ ಮೇಲೆ ಎಂಜಿನ್ ಸುಸ್ತಾಗುತ್ತದೆ, ಸರಿ. ಅಲ್ಲಿಗೆ ಮಾವ ಅದನ್ನು ಒಯ್ಯುತ್ತಿದ್ದುದೇ ಅಪರೂಪ.

ಮಾವ ಬೆಳಗಿನ ಜಾವ ಮೂರೂವರೆಗೆ ಏರ್‌ಪೋರ್ಟ್ ಡ್ಯೂಟಿಗೆ ಹೊರಡುವುದನ್ನು ಲಗ್ಗೆರೆಯ ಅವರ ಮನೆಯಲ್ಲಿ ಎಷ್ಟೋ ಸಲ ನೋಡಿದ್ದೇನೆ. ಮೊದಲು ಬಾನೆಟ್ ಎತ್ತಿ ಆಯಿಲ್ ಕಡ್ಡಿ ಹೊರತೆಗೆದು, ಬನಿಯನ್ ಬಟ್ಟೆಯ ತುಂಡಿನಲ್ಲಿ ಒರೆಸಿ, ಮತ್ತೆ ಅದ್ದಿ ಮೊಬೈಲ್ ಬೆಳಕಿನಲ್ಲಿ ನೋಡುವರು. ಒಳಗೆ ಕೂತು ಕೀ ಅರ್ಧ ತಿರುಗಿಸಿ ಡೀಸೆಲ್ ಎಂಜಿನ್ನಿನ ಒಳಗು ಕಾಯುತ್ತಿದೆ ಎಂದು ತೋರಿಸುವ ಸುರುಳಿಯಾಕಾರದ ಹಳದಿ ದೀಪ ಆರುವವರೆಗೆ ಕಾಯುವರು. ಆರಿದ ಮೇಲೆಯೇ ಸೆಲ್ಫ್. ಎಂಜಿನ್ ಗಡಗಡ ಎಂದು ಏಳುತ್ತದೆ, ಪಕ್ಕದ ಮನೆಯ ನಾಯಿ ಒಂದು ಸಲ ಬೊಗಳಿ ಸುಮ್ಮನಾಗುತ್ತದೆ. ಸ್ಟಾರ್ಟ್ ಆದ ಕೂಡಲೇ ಹೊರಡುವುದಿಲ್ಲ. ಅಷ್ಟರಲ್ಲಿ ಕನ್ನಡಿಯನ್ನು ಬಟ್ಟೆಯಿಂದ ಒರೆಸುತ್ತಾರೆ, ಡ್ಯಾಶ್‌ಬೋರ್ಡಿನ ಮೇಲಿನ ಪುಟ್ಟ ಗಣಪತಿಗೆ ನಿನ್ನೆಯ ಹೂವು ತೆಗೆದು ಹೊಸದು ಇಡುತ್ತಾರೆ.

ವಾಪಸ್ ಬಂದು ನಿಲ್ಲಿಸಿದಾಗಲೂ ಹಾಗೆಯೇ. ನ್ಯೂಟ್ರಲ್ ಮಾಡಿ, ಹ್ಯಾಂಡ್ ಬ್ರೇಕ್ ಎಳೆದು, ಮೂವತ್ತರವರೆಗೆ ಎಣಿಸಿ ಆಮೇಲೆಯೇ ಆಫ್ ಮಾಡುವುದು. ಟರ್ಬೋದ ಚಕ್ರ ನಿಮಿಷಕ್ಕೆ ಲಕ್ಷಕ್ಕೂ ಹೆಚ್ಚು ಸುತ್ತು ತಿರುಗುತ್ತದೆ. ಅದು ತೇಲುವುದು ಎಂಜಿನ್ ಆಯಿಲ್ಲಿನ ತೆಳ್ಳನೆ ಪದರದ ಮೇಲೆ. ಎಂಜಿನ್ ಆಫ್ ಮಾಡಿದರೆ ಆಯಿಲ್ ಓಡುವುದು ನಿಲ್ಲುತ್ತದೆ, ಕಾದ ಟರ್ಬೋದಲ್ಲಿ ನಿಂತ ಆಯಿಲ್ ಸುಟ್ಟು ಕರಿಕಟ್ಟುತ್ತದೆ. "ಓಡಿ ಬಂದ ಎತ್ತಿಗೆ ನೊಗ ಇಳಿಸಿದ ತಕ್ಷಣ ನೀರು ಕುಡಿಸ್ತಾರಾ? ಸ್ವಲ್ಪ ಉಸಿರು ಬಿಡಲಿ" ಎನ್ನುತ್ತಿದ್ದರು. ಪ್ರಯಾಣಿಕರು ಹಣ ಕೊಟ್ಟು ಇಳಿದು ಹೋದ ಮೇಲೂ ಒಬ್ಬರೇ ಕೂತು ತುಟಿಯಲ್ಲೇ ಎಣಿಸುತ್ತಿದ್ದರು. ಆ ಗಾಡಿ ನಾಲ್ಕು ಲಕ್ಷ ಕಿಲೋಮೀಟರ್ ದಾಟಿತು. ಎರಡು ಸಲ ಕ್ಲಚ್ ಪ್ಲೇಟ್ ಬದಲಾಯಿತು. ಟರ್ಬೋವನ್ನು ಒಮ್ಮೆಯೂ ಬಿಚ್ಚಲಿಲ್ಲ.

ಅಪ್ಪನ ಪೆಟ್ರೋಲ್ ಎಂಜಿನ್ನಿನ ಗುಣ ಬೇರೆ. ಅದಕ್ಕೆ ಕಾಯಿಸುವ ದೀಪವಿಲ್ಲ, ಎಣಿಸುವ ಶಾಸ್ತ್ರವಿಲ್ಲ. ಆದರೆ ಅದರಲ್ಲೂ ಮಾಡಿದವರ ಒಂದು ತೀರ್ಮಾನ ಇದೆ. ಸಿಲಿಂಡರಿನ ವ್ಯಾಸ 72.5 ಮಿಲಿಮೀಟರ್, ಪಿಸ್ಟನ್ ಓಡುವ ಉದ್ದ 90.6. ಅಂದರೆ ಸಪೂರವಾದ, ಉದ್ದನೆಯ ಸಿಲಿಂಡರ್. ಇಂಥ ಎಂಜಿನ್ ಕಿರುಚಿಕೊಂಡು ಓಡಲು ಮಾಡಿದ್ದಲ್ಲ, ನಿಧಾನದಲ್ಲಿ ಎಳೆಯಲು ಮಾಡಿದ್ದು. 132 ನ್ಯೂಟನ್ ಮೀಟರ್ ಪೂರ್ತಿ 3000 ಆರ್‌ಪಿಎಂಗೇ ಬಂದುಬಿಡುತ್ತದೆ. ಪೆಟ್ರೋಲ್ ಕಾರುಗಳಲ್ಲಿ ಇದು ಬೇಗ ಎಂದೇ ಲೆಕ್ಕ. ಗಾಡಿಯ ತೂಕವೂ ಒಂದು ಟನ್ನಿಗಿಂತ ಕಡಿಮೆ. ಹಾಗಾಗಿ ಗೇರು ಇಳಿಸುವುದನ್ನು ಮರೆಯುವ ಅಪ್ಪನಂಥವರಿಗೆ ಇದು ಹೇಳಿ ಮಾಡಿಸಿದ ಹಾಗಿತ್ತು. ಹಂಪ್ ದಾಟಿ ಮೂರನೇ ಗೇರಿನಲ್ಲೇ ಬಿಟ್ಟರೂ ಗಾಡಿ ಜಗ್ಗಾಡುತ್ತಿರಲಿಲ್ಲ. ಮೊದಮೊದಲು ಈ ಪೆಟ್ರೋಲ್ ಎಂಜಿನ್ ಜಪಾನಿನಿಂದ ಬರುತ್ತಿತ್ತು. ಆಮೇಲೆ ಅದೂ ಬಿಡದಿಯಲ್ಲೇ ತಯಾರಾಗತೊಡಗಿತು.

ಹಿಂದೆ ಸಾಮಾನು ಇಡುವ ಡಿಕ್ಕಿಯ ಬಗ್ಗೆ ಹೇಳದಿದ್ದರೆ ಅಮ್ಮ ಬೇಸರ ಮಾಡಿಕೊಳ್ಳುತ್ತಾರೆ. 595 ಲೀಟರ್. ನಾಲ್ಕು ಮೀಟರಿಗಿಂತ ಚಿಕ್ಕ ಕಾರಿಗೆ, ಪೆಟ್ರೋಲ್ ಆದರೆ 1200 ಸಿಸಿ, ಡೀಸೆಲ್ ಆದರೆ 1500 ಸಿಸಿ ಒಳಗಿದ್ದರೆ, ಅಬಕಾರಿ ಸುಂಕ ಕಡಿಮೆ ಎಂದು 2006ರ ಕೇಂದ್ರ ಬಜೆಟ್‌ನಲ್ಲಿ ಬಂತು. ಶೇ 24 ಇದ್ದದ್ದು ಶೇ 16 ಆಯಿತು. ಅಲ್ಲಿಂದ ನಮ್ಮ ದೇಶದ ಸಣ್ಣ ಸೆಡಾನ್‌ಗಳ ಆಕಾರವೇ ಬದಲಾಯಿತು. 2008ರಲ್ಲಿ 4160 ಮಿಲಿಮೀಟರ್ ಉದ್ದವಿದ್ದ ಸ್ವಿಫ್ಟ್ ಡಿಸೈರ್ 2012ರಲ್ಲಿ 3995ಕ್ಕೆ ಇಳಿಯಿತು, ಡಿಕ್ಕಿ 316 ಲೀಟರ್‌ಗೆ ಕುಗ್ಗಿತು. ಜನ ಅದನ್ನೇ ಮೆಚ್ಚಿ ಕೊಂಡರು, ಅದು ಒಳ್ಳೆಯ ಗಾಡಿಯೂ ಹೌದು. ಇಟಿಯೋಸ್ ಮಾತ್ರ 4265 ಮಿಲಿಮೀಟರ್ ಉದ್ದಕ್ಕೇ ನಿಂತಿತು. ಡೀಸೆಲ್ ಎಂಜಿನ್ ಸಿಸಿಯ ಮಿತಿಯೊಳಗಿದ್ದರೂ ಉದ್ದದಿಂದಾಗಿ ಹೆಚ್ಚಿನ ಸುಂಕವನ್ನೇ ಕಟ್ಟಿತು. ವ್ಯಾಪಾರದ ಕಣ್ಣಿನಿಂದ ನೋಡಿದರೆ ಅದು ಜಾಣತನ ಅಲ್ಲದಿರಬಹುದು. ನಮ್ಮ ತೋಟದ ಎರಡು ಚೀಲ ತೆಂಗಿನಕಾಯಿ, ಒಂದು ಚೀಲ ರಾಗಿ, ತಂಗಿಯ ಬಾಣಂತನಕ್ಕೆ ಹೊರಟ ಅಮ್ಮನ ಇಡೀ ಸಂಸಾರ ಒಂದೇ ಸಲಕ್ಕೆ ಹಿಡಿದದ್ದು ಆ ಹಟದಿಂದ. ಏರ್‌ಪೋರ್ಟ್ ಟ್ಯಾಕ್ಸಿಯವರಿಗೆ ಈ ಡಿಕ್ಕಿ ಏನು ಎಂಬುದನ್ನು ದುಬೈನಿಂದ ಬರುವ ಒಂದು ಸಂಸಾರದ ಲಗೇಜ್ ಹೇರಿದವರನ್ನೇ ಕೇಳಬೇಕು.

ಸ್ಪೀಡೋಮೀಟರ್ ಡ್ಯಾಶ್‌ಬೋರ್ಡಿನ ನಟ್ಟನಡುವೆ ಇತ್ತು. ಹಲವರಿಗೆ ಅದು ಹಿಡಿಸಲಿಲ್ಲ. ಮಾವನಿಗೆ ಹಿಡಿಸಿತ್ತು. ಹಿಂದೆ ಕೂತವರಿಗೂ ವೇಗ ಕಾಣುತ್ತದೆ, ರಾತ್ರಿ ಒಬ್ಬರೇ ಬರುವ ಹೆಣ್ಣುಮಕ್ಕಳಿಗೆ ಅದೊಂದು ಧೈರ್ಯ ಅನ್ನುತ್ತಿದ್ದರು.

2020ರ ಏಪ್ರಿಲ್‌ನಲ್ಲಿ ಬಿಎಸ್-6 ಎಂಬ ಹೊಸ ಹೊಗೆ ನಿಯಮ ಬಂತು. ಡೀಸೆಲ್ ಕಾರು ಪ್ರತಿ ಕಿಲೋಮೀಟರಿಗೆ ಉಗುಳಬಹುದಾದ ನೈಟ್ರೋಜನ್ ಆಕ್ಸೈಡ್ 250 ಮಿಲಿಗ್ರಾಂ ಇದ್ದದ್ದು 80ಕ್ಕೆ ಇಳಿಯಿತು, ಮಸಿಯ ಕಣ 25 ಮಿಲಿಗ್ರಾಂ ಇದ್ದದ್ದು 4.5ಕ್ಕೆ. ಅಷ್ಟು ಶುದ್ಧವಾಗಬೇಕಾದರೆ ಮಸಿ ಹಿಡಿಯುವ ಫಿಲ್ಟರ್ ಬೇಕು, ಅದನ್ನು ಆಗಾಗ ಸುಡುವ ಏರ್ಪಾಡು ಬೇಕು, ಬೆಲೆ ಏರುತ್ತದೆ. ಸಣ್ಣ ಡೀಸೆಲ್‌ಗೆ ಆ ಖರ್ಚು ಹೊರುವ ಶಕ್ತಿ ಇರಲಿಲ್ಲ. ಮಾರುತಿ ಡೀಸೆಲ್ ಕಾರುಗಳನ್ನೇ ನಿಲ್ಲಿಸಿತು. ಇಟಿಯೋಸ್ ಪೆಟ್ರೋಲ್, ಡೀಸೆಲ್ ಎರಡೂ ಅದೇ ವರ್ಷ ನಿಂತವು. ನನಗೆ ಬೇಸರವಾಯಿತು, ನಿಯಮ ತಪ್ಪು ಎಂದು ಮಾತ್ರ ಎಂದೂ ಅನ್ನಿಸಿಲ್ಲ. ಆ ಹೊಗೆಯನ್ನು ದಿನಕ್ಕೆ ಹದಿನಾಲ್ಕು ಗಂಟೆ ಉಸಿರಾಡಿದವರಲ್ಲಿ ಮಾವನೇ ಮೊದಲಿಗರು. ಚಳಿಗಾಲದಲ್ಲಿ ಅವರ ಕೆಮ್ಮು ನಾನು ಕೇಳಿದ್ದೇನೆ.

ಈಗ ಬೆಂಗಳೂರಿನಲ್ಲಿ ಎರಡು ಇಂಧನಗಳ ನಡುವೆ ಉಳಿದಿರುವುದು ಹನ್ನೆರಡು ರೂಪಾಯಿ ಆಸುಪಾಸಿನ ಅಂತರ. ಮಾವ ಗಾಡಿಯನ್ನು ಹಾಸನದ ಕಡೆಯವರೊಬ್ಬರಿಗೆ ಮಾರಿ, ಟ್ಯಾಕ್ಸಿ ಕೆಲಸ ಬಿಟ್ಟರು. ಮಾರಿದ ದಿನ ಗಣಪತಿಯನ್ನು ಮಾತ್ರ ಡ್ಯಾಶ್‌ಬೋರ್ಡಿನಿಂದ ಕಿತ್ತು ಜೇಬಿಗೆ ಹಾಕಿಕೊಂಡು ಬಂದರು. ಅಪ್ಪನಿಗೆ ಕಣ್ಣಿನ ಪೊರೆಯ ಆಪರೇಷನ್ ಆದ ಮೇಲೆ ರಾತ್ರಿ ಓಡಿಸುವುದು ಬಿಟ್ಟಿದ್ದಾರೆ. ಪೆಟ್ರೋಲ್ ಗಾಡಿ ಇನ್ನೂ ಒಂದು ಲಕ್ಷ ಕಿಲೋಮೀಟರ್ ಮುಟ್ಟಿಲ್ಲ.

ಹೋದ ವರ್ಷ ಗೌರಿ ಹಬ್ಬಕ್ಕೆ ಮಾವ ಅಮ್ಮನಿಗೆ ಬಾಗಿನ ತೆಗೆದುಕೊಂಡು ಬಸ್ಸಿನಲ್ಲಿ ಬಂದರು. ಹನ್ನೆರಡು ವರ್ಷದಲ್ಲಿ ಮೊದಲ ಸಲ ಅವರು ನಮ್ಮ ಮನೆಗೆ ಗಾಡಿ ಇಲ್ಲದೆ ಬಂದದ್ದು. ಊಟ ಆದ ಮೇಲೆ ತೋಟಕ್ಕೆ ಹೋಗಿಬರೋಣ ಎಂದು ಅಪ್ಪ ಕೀ ತಂದು ಮಾವನ ಮುಂದೆ ಹಿಡಿದರು. "ನೀನೇ ಓಡಿಸು." ಅಪ್ಪ ಪಕ್ಕದಲ್ಲಿ, ನಾನು ಹಿಂದೆ. ಮಾವ ಕೀ ಅರ್ಧ ತಿರುಗಿಸಿ ನಿಲ್ಲಿಸಿದರು. ಆರಬೇಕಾದ ಸುರುಳಿ ದೀಪ ಅಲ್ಲಿ ಇಲ್ಲ ಎಂದು ಹೊಳೆಯಲು ಒಂದು ಕ್ಷಣ ಹಿಡಿಯಿತು. ಸ್ಟಾರ್ಟ್ ಆದದ್ದು ಕೇಳಿಸದೆ ಮತ್ತೊಮ್ಮೆ ಮೀಟರ್ ನೋಡಿದರು. ಊರ ಹೊರಗಿನ ರಸ್ತೆಗೆ ಬಂದ ಮೇಲೆ ಡೀಸೆಲ್ ಗಾಡಿಯ ಕೈ ತಾನಾಗಿಯೇ ಕೆಲಸ ಮಾಡಿತು. ನಲವತ್ತಕ್ಕೇ ನಾಲ್ಕನೇ ಗೇರು, ಸ್ವಲ್ಪ ಹೊತ್ತಿಗೇ ಐದು. ಜಗ್ಗುತ್ತದೇನೋ ಎಂದು ನಾನು ಕಾದೆ. ಜಗ್ಗಲಿಲ್ಲ. ಗಾಡಿ ಸದ್ದಿಲ್ಲದೆ ಕೆರೆ ಏರಿ ಹತ್ತಿತು.

"ಇದೂ ಎಳೀತದಲ್ಲ ಭಾವ" ಅಂದರು ಮಾವ.

"ಎಳೆಯೋದಕ್ಕೇ ಮಾಡಿದ್ದು" ಅಂದರು ಅಪ್ಪ.

ತೋಟದ ಗೇಟಿನ ಹತ್ತಿರ, ಹಲಸಿನ ಮರದ ನೆರಳಿಗೆ ಗಾಡಿ ನಿಲ್ಲಿಸಿ ಮಾವ ನ್ಯೂಟ್ರಲ್ ಮಾಡಿದರು, ಹ್ಯಾಂಡ್ ಬ್ರೇಕ್ ಎಳೆದರು. ನಾನು ಇಳಿಯಲೆಂದು ಬಾಗಿಲಿಗೆ ಕೈ ಹಾಕಿದೆ. ಎಂಜಿನ್ ಆಫ್ ಆಗಲಿಲ್ಲ. ಮಾವನ ತುಟಿ ಅಲ್ಲಾಡುತ್ತಿತ್ತು. ಇದರಲ್ಲಿ ಟರ್ಬೋ ಇಲ್ಲ ಎಂಬುದು ನಮ್ಮ ಮೂವರಿಗೂ ಗೊತ್ತಿತ್ತು. ಅಪ್ಪ ಸೀಟ್ ಬೆಲ್ಟ್ ಬಿಚ್ಚದೆ ಹಾಗೇ ಕೂತಿದ್ದರು. ಮೂವತ್ತು ಆದ ಮೇಲೆ ಮಾವ ಕೀ ತಿರುಗಿಸಿದರು.